ಮೂತಿಯ ಮೇಲಿನ ಭಾರ

ಚಿನ್ನದ ಗಣಿಯ ಕೆಲಸ ಬಿಟ್ಟವರು ಮನೆಗೆ ಬರುವಾಗ ಏನಾದರೊಂದು ತರುವುದು ಚಾಂಪಿಯನ್ ರೀಫ್ಸ್ ಕಾರ್ಮಿಕರ ಲೈನುಗಳಲ್ಲಿ ವಾಡಿಕೆ. ಒಬ್ಬರು ಗೋಡೆ ಗಡಿಯಾರ ತಂದರು, ಇನ್ನೊಬ್ಬರು ರೇಡಿಯೋ ತಂದರು, ಬಹಳ ಜನ ಬರೀ ಕೆಮ್ಮು ತಂದರು. ನಮ್ಮಪ್ಪ ಕೆಮ್ಮಿನ ಜೊತೆಗೆ ಒಂದು ಟ್ರಾಕ್ಟರು ತಂದ.

ಟ್ರಾಕ್ಟರು ಅಂದ ಕೂಡಲೇ ಈಗ ರಸ್ತೆಯಲ್ಲಿ ಓಡಾಡುವ ಆನೆಗಾತ್ರದ್ದನ್ನು ನೆನೆಸಿಕೊಳ್ಳಬೇಡಿ. ಅದರ ಬಾನೆಟ್ಟು ನನ್ನ ಸೊಂಟದೆತ್ತರ ಇತ್ತು. ಗಣಿ ನಡೆಸುತ್ತಿದ್ದ ಬಿಳಿ ದೊರೆಗಳು ಚೆಂಡು ಹೊಡೆದು ಅದರ ಹಿಂದೆ ತಾವೇ ನಡೆದುಕೊಂಡು ಹೋಗುತ್ತಿದ್ದ ಮೈದಾನವೊಂದಿತ್ತು. ಅಲ್ಲಿನ ಹುಲ್ಲನ್ನು ಗಡ್ಡ ಕೆರೆದಂತೆ ನುಣ್ಣಗೆ ಇಡುವುದಕ್ಕೆಂದು ಹಡಗಿನಲ್ಲಿ ತರಿಸಿದ ಯಂತ್ರ ಅದು. ದೊರೆಗಳು ಒಬ್ಬೊಬ್ಬರಾಗಿ ತಮ್ಮ ದೇಶಕ್ಕೆ ಹೊರಟುಹೋದ ಮೇಲೆ ಆ ಹುಲ್ಲನ್ನು ಕೇಳುವವರಿಲ್ಲದೆ ಟ್ರಾಕ್ಟರು ಗುಜರಿಯವನ ಕೈಗೆ ಬಂತು. ಗುಜರಿಯವನ ಕೈಯಿಂದ ಅಪ್ಪನ ಕೈಗೆ ಬಂತು.

ಅದರ ಹೊಟ್ಟೆಯ ಕೆಳಗೆ ಹುಲ್ಲು ಕತ್ತರಿಸುವ ಬ್ಲೇಡುಗಳಿದ್ದವಂತೆ. ಅವು ಯಾವಾಗಲೋ ಮಾಯವಾಗಿದ್ದವು. ಉಳಿದದ್ದು ಆ ಬ್ಲೇಡುಗಳನ್ನು ಎತ್ತಿ ಇಳಿಸುತ್ತಿದ್ದ ಒಂದು ಕಬ್ಬಿಣದ ಕೈ. ಸೀಟಿನ ಪಕ್ಕದ ಹಿಡಿಯನ್ನು ಎಳೆದರೆ ಒಳಗಿನ ಎಣ್ಣೆಯ ಒತ್ತಡಕ್ಕೆ ಆ ಕೈ ನಿಧಾನವಾಗಿ ಮೇಲೇಳುತ್ತಿತ್ತು, ಮುಂದಕ್ಕೆ ತಳ್ಳಿದರೆ ಇಳಿಯುತ್ತಿತ್ತು. ಹೈಡ್ರಾಲಿಕ್ ಲಿಫ್ಟ್ ಅನ್ನುವ ಮಾತನ್ನು ಅಪ್ಪ ಮನೆದೇವರ ಹೆಸರಿನ ಹಾಗೆ ಹೇಳುತ್ತಿದ್ದ. ಟ್ರಾಕ್ಟರಿನ ಹಿಂಭಾಗ ಮಾತ್ರ ಬೋಳು. ನೇಗಿಲು ತಗುಲಿಸುವುದಕ್ಕೆ ಅಲ್ಲಿ ಒಂದು ಕೊಂಡಿಯೂ ಇರಲಿಲ್ಲ. ದೊರೆಗಳಿಗೆ ನೇಗಿಲಿನಿಂದ ಏನಾಗಬೇಕಿತ್ತು?

"ಉಲ್ಲು ಕತ್ತರ್ಸೋ ಮಿಷನ್ ತಂದವ್ರೆ," ಅಂದಳು ಅಮ್ಮ, ನನ್ನ ಹತ್ತಿರ. "ನಮ್ಮೂರಾಗೆ ಉಲ್ಲು ಎಲ್ಲೈತೆ ಕೇಳು ನಿಮ್ಮಪ್ಪನ್ನ."

ಇರಲಿಲ್ಲ. ನಮ್ಮೂರು ಕಾಮಸಮುದ್ರದ ಆಚೆ, ಆಂಧ್ರದ ಗಡಿಯ ಕಡೆಗೆ. ಅಲ್ಲಿ ಏನೇ ಹಸಿರು ತಲೆಯೆತ್ತಿದರೂ ಮೇಕೆಗಳು ಅದನ್ನು ಮಧ್ಯಾಹ್ನದೊಳಗೆ ಮುಗಿಸುತ್ತಿದ್ದವು.

ಅಪ್ಪನಿಗೆ ಬೇಕಾಗಿದ್ದದ್ದು ಹುಲ್ಲಲ್ಲ. ಅವನು ವಯಸ್ಸಿಗೆ ಬರುತ್ತಿದ್ದ ಹಾಗೆ ಊರು ಬಿಟ್ಟು ಗಣಿ ಸೇರಿದವನು. ಭೂಮಿಯ ಆಳದಲ್ಲಿ, ಕಲ್ಲು ಕುಸಿಯದ ಹಾಗೆ ಮರದ ದಿಮ್ಮಿ ಕೊಟ್ಟು ನಿಲ್ಲಿಸುವ ಮೇಸ್ತ್ರಿಯಾಗಿದ್ದ. ಬಂದ ಕೂಲಿಯಲ್ಲಿ ಊರಿನಲ್ಲಿ ತುಂಡು ತುಂಡಾಗಿ ಹೊಲ ಮಾಡಿದ. ಆ ಹೊಲವನ್ನು ಉಳುತ್ತಿದ್ದವನು ನಮ್ಮ ಚಿಕ್ಕಪ್ಪ. ನಮ್ಮ ಕಡೆ ಯುಗಾದಿ ಕಳೆದ ಮೇಲೆ ಒಂದು ಒಳ್ಳೆಯ ದಿನ ನೋಡಿ, ಪೂಜೆ ಮಾಡಿ, ವರ್ಷದ ಮೊದಲ ಸಾಲು ಹೊಡೆಯುತ್ತಾರೆ. ಹೊನ್ನೇರು ಅಂತ ಅದಕ್ಕೆ ಹೆಸರು. ಹೊಲದ ಯಜಮಾನನೇ ನೇಗಿಲು ಹಿಡಿಯಬೇಕು ಅನ್ನುವುದು ಪದ್ಧತಿ. ಅಪ್ಪನಿಗೆ ಒಂದು ವರ್ಷವೂ ಆಗಲಿಲ್ಲ. ಒಂದೋ ಆ ದಿನ ಶಿಫ್ಟ್ ಇರುತ್ತಿತ್ತು, ಇಲ್ಲವೇ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ನೆಂಟನ ಹಾಗೆ ಬದುವಿನ ಮೇಲೆ ನಿಂತು ನೋಡುತ್ತಿದ್ದ. "ಒಲ ನಿಂದಣ್ಣ, ಸಾಲು ನಂದು," ಅಂತ ಚಿಕ್ಕಪ್ಪ ನಗುತ್ತಿದ್ದ. ಅದು ತಮಾಷೆಯ ಮಾತೇ. ಆದರೆ ಪ್ರತಿ ವರ್ಷವೂ ಅದನ್ನೇ ಹೇಳುತ್ತಿದ್ದ.

ಕೆಲಸ ಬಿಟ್ಟಾಗ ಡಾಕ್ಟರು ಅಪ್ಪನ ಎದೆಯ ಫೋಟೋವನ್ನು ಕಿಟಕಿಗೆ ಹಿಡಿದು ನೋಡಿ, ಕಲ್ಲಿನ ಧೂಳು ಚೆನ್ನಾಗಿ ಕೂತಿದೆ ಅಂದರಂತೆ. ಭಾರ ಎತ್ತಬೇಡಿ, ಹತ್ತಿ ಇಳಿಯಬೇಡಿ, ಮನೆಯಲ್ಲಿ ಆರಾಮವಾಗಿರಿ. ಮನೆಯಿಂದ ಬಾವಿಯವರೆಗೆ ಹೋಗುವುದರೊಳಗೆ ನಿಂತು ನಿಂತು ಉಸಿರು ತೆಗೆದುಕೊಳ್ಳುವ ಮನುಷ್ಯ ಎತ್ತಿನ ಹಿಂದೆ ನಡೆಯುವುದು ಹೇಗೆ? ಟ್ರಾಕ್ಟರಾದರೆ ಕೂತು ಓಡಿಸಬಹುದು. ಆದರೂ ಸಾಲಿನ ಕೊನೆಗೆ ನೇಗಿಲನ್ನು ಎತ್ತಿ ತಿರುಗಿಸಬೇಕಲ್ಲ. ಎತ್ತುವ ಕೈ ಇತ್ತು, ಕಬ್ಬಿಣದ ನೇಗಿಲೂ ಇತ್ತು. ಎರಡನ್ನೂ ಕೂಡಿಸುವ ಒಂದು ಕೊಂಡಿ ಬೇಕಿತ್ತು, ಅಷ್ಟೇ. ಆ ಕೊಂಡಿಯನ್ನು ಮಾಡಿ ಕೂರಿಸಿದರೆ ಮುಂದಿನ ಯುಗಾದಿಗೆ ಹೊನ್ನೇರು ತನ್ನದೇ ಅಂತ ಅಪ್ಪ ತೀರ್ಮಾನಿಸಿಬಿಟ್ಟ.

ಒಬ್ಬ ಕಮ್ಮಾರನಿಗೆ ಹೇಳಿದ್ದರೆ ಸಂತೆಯ ದಿನಕ್ಕೆ ಕೊಂಡಿ ಸಿದ್ಧವಾಗಿರುತ್ತಿತ್ತು. ಆದರೆ ಅಪ್ಪ ಹೇಳಿದ್ದು ನನ್ನ ಸೋದರಮಾವನಿಗೆ.

ಮಾಮ ನಂದಿದುರ್ಗ ಗಣಿಯ ಒಂದು ಶಾಫ್ಟಿನಲ್ಲಿ ವೈಂಡಿಂಗ್ ಎಂಜಿನ್ ಓಡಿಸುತ್ತಿದ್ದ. ಜನರನ್ನು ತುಂಬಿಕೊಂಡ ಕೇಜನ್ನು ಕಂಬಿಹಗ್ಗದ ತುದಿಯಲ್ಲಿ ಪಾತಾಳಕ್ಕೆ ಇಳಿಸುವುದು, ಮೇಲಕ್ಕೆ ಎಳೆದುಕೊಳ್ಳುವುದು ಅವನ ಕೆಲಸ. ಹೊಟ್ಟೆ ದೊಡ್ಡದು, ಧೈರ್ಯ ಚಿಕ್ಕದು. ತೂಗುವ ಯಾವುದನ್ನೂ ಅವನು ನಂಬುತ್ತಿರಲಿಲ್ಲ. ನಮ್ಮ ಮನೆಯ ತೊಟ್ಟಿಲನ್ನು ಕೂಡ ಜಗ್ಗಿ ನೋಡಿ, ಇನ್ನೊಂದು ಹಗ್ಗ ಕಟ್ಟಿಸಿ ಹೋಗಿದ್ದ. ಲೈನಿನಲ್ಲಿ ಎಲ್ಲರ ಜೊತೆ ಬೆರೆತು ಅವನ ಮಾತಿಗೆ ತಮಿಳೂ ಕಲಸಿತ್ತು.

"ಪಾರು ಬಾವ, ಇಲ್ನೋಡು," ಅಂದ. "ತೂಗೋ ಸಾಮಾನು ಅಂದ್ರೆ ಆಟ ಇಲ್ಲ. ಒಂದು ಪಾಲು ಬಾರ ಇದ್ರೆ ಅತ್ತು ಪಾಲು ಬಲ ಇರ್ಬೇಕು. ಗಣಿ ರೂಲು ಅದು."

ಅಪ್ಪ ತಲೆಯಾಡಿಸಿದ. ಜೀವಮಾನವೆಲ್ಲ ಅವನು ಅಂಥದೇ ಒಂದು ಕೇಜಿನಲ್ಲಿ ಹೋಗಿ ಬಂದವನು. ಅವನಿಗೂ ಆ ರೂಲು ಸರಿಯಾಗಿಯೇ ಕಂಡಿತು.

ಕೊಂಡಿ ತಯಾರಾದದ್ದು ಬಂಗಾರಪೇಟೆಯಲ್ಲಿ, ನನ್ನ ಹಿತ್ತಲಲ್ಲಿ. ನನ್ನ ಗಂಡನಿಗೆ ರೈಲ್ವೆಯಲ್ಲಿ ಕೆಲಸ. ಭಾನುವಾರ ಮಾಮ ಬರುತ್ತಾನೆ ಅಂದ ಕೂಡಲೇ ಆ ಮನುಷ್ಯನಿಗೆ ಹೇಗೋ ಡ್ಯೂಟಿ ಬೀಳುತ್ತಿತ್ತು. ಸ್ಟೇಷನ್ನಿನ ಹತ್ತಿರದ ಗುಜರಿಯಿಂದ ಹಳೆಯ ಟ್ರಾಮ್ ಹಳಿಯ ತುಂಡುಗಳು ಬಂದವು. ಗಣಿಯೊಳಗೆ ಕಲ್ಲು ತುಂಬಿದ ಗಾಡಿಗಳನ್ನು ಹೊತ್ತಿದ್ದ ಹಳಿಗಳು. ಲಾರಿ ರಿಪೇರಿ ಅಂಗಡಿಯ ವೆಲ್ಡಿಂಗಿನವನು ಅವನ್ನು ನೋಡಿ, "ಸಾರ್, ಸೇತುವೆ ಎಲ್ಲಿ ಕಟ್ತಿರೋದು?" ಅಂತ ಕೇಳಿದ. ಮಾಮ ಅದನ್ನು ಹೊಗಳಿಕೆ ಅಂದುಕೊಂಡ.

ಎರಡು ಹಳಿ ಉದ್ದಕ್ಕೆ, ಒಂದು ಅಡ್ಡಕ್ಕೆ. ಮೂಲೆಮೂಲೆಗೆ ಆಸರೆಯ ಪಟ್ಟಿ, ಆ ಪಟ್ಟಿಗೆ ಇನ್ನೊಂದು ಪಟ್ಟಿ. ನನ್ನ ಹೆಬ್ಬೆರಳಿಗಿಂತ ದಪ್ಪ ಪಿನ್ನುಗಳು. ಇಷ್ಟೆಲ್ಲ ಆದ ಮೇಲೆ ಮಾಮ ಒಂದು ಸರಪಳಿ ತೆಗೆದ.

"ಇದ್ಯಾತಕ್ಕೆ ಮಾಮ?"

"ಪಿನ್ನು ಮುರಿದೋದ್ರೆ ನೇಗ್ಲು ಕೆಳಗೆ ಬೀಳ್ಬಾರ್ದಲ್ಲಮ್ಮ."

"ಕೆಳಗೆ ಯಾರಿರ್ತಾರೆ? ಎರೆಹುಳಾನಾ?"

ಮಾಮ ನಗಲಿಲ್ಲ. "ಯಾರಾದ್ರೂ ಇರ್ತಾರೆ ಕಣಮ್ಮ," ಅಂದ. ಅಪ್ಪನೂ ನಗಲಿಲ್ಲ. ಗಣಿಯವರ ಜೊತೆ ಕೆಲವು ವಿಷಯಗಳನ್ನು ತಮಾಷೆ ಮಾಡಲು ಆಗುವುದಿಲ್ಲ. ನಾನು ಒಳಗೆ ಹೋಗಿ ಕಾಫಿಗೆ ನೀರಿಟ್ಟೆ.

ಸಿದ್ಧವಾದ ಕೊಂಡಿಯನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೋಗೋಣ ಅಂದರೆ ಕಂಡಕ್ಟರು ಅದನ್ನೊಮ್ಮೆ, ಬಸ್ಸನ್ನೊಮ್ಮೆ ನೋಡಿ ಸೀಟಿ ಊದಿಬಿಟ್ಟ. ಕೊನೆಗೆ ಚಿಕ್ಕಪ್ಪನೇ ಗಾಡಿ ಕಟ್ಟಿಕೊಂಡು ಬಂದ. ಎತ್ತುಗಳಿಗೆ ಕೆಲಸವಿಲ್ಲದ ಹಾಗೆ ಮಾಡಬೇಕಾಗಿದ್ದ ಕೊಂಡಿಯನ್ನು ಬಂಗಾರಪೇಟೆಯಿಂದ ಊರಿನವರೆಗೆ ಎತ್ತುಗಳೇ ಎಳೆದುಕೊಂಡು ಹೋದವು. ಕೆರೆಯ ಏರಿ ಹತ್ತುವಾಗ ಅವು ಒಂದು ಸಲ ನಿಂತು ಹಿಂದಕ್ಕೆ ತಿರುಗಿ ನೋಡಿದವು ಅಂತ ಚಿಕ್ಕಪ್ಪ ಊರೆಲ್ಲ ಹೇಳಿಕೊಂಡು ಬಂದ.

ಆಮೇಲೆ ಅದನ್ನು ಟ್ರಾಕ್ಟರಿಗೆ ಕೂರಿಸುವ ಕೆಲಸ. ಕೊಂಡಿಯನ್ನು ಹಿಂದಿನ ಆಕ್ಸಲ್ಲಿಗೆ ಬೋಲ್ಟ್ ಹಾಕಿ ಬಿಗಿದದ್ದು ಸುಲಭವಾಯಿತು. ಕಷ್ಟವಾದದ್ದು ಆ ಎತ್ತುವ ಕೈಯಿಂದ ಕೊಂಡಿಗೆ ಬರುವ ಸಲಾಕೆ. ಮೊದಲು ಮಾಡಿದ್ದು ಗಿಡ್ಡ. ಕೈ ಇಳಿದರೂ ಕೊಂಡಿ ಮೇಲೆಯೇ ನಿಂತಿತು, ನೇಗಿಲು ನೆಲ ಮುಟ್ಟಲಿಲ್ಲ. ಆಮೇಲೆ ಮಾಡಿದ್ದು ಉದ್ದ. ಕೈ ಪೂರ್ತಿ ಎದ್ದರೂ ನೇಗಿಲು ಮಣ್ಣಿನಲ್ಲೇ ಮಲಗಿತ್ತು. ಸಲಾಕೆಯಲ್ಲಿ ಸಾಲಾಗಿ ತೂತು ಕೊರೆದು, ಪಿನ್ನನ್ನು ಒಂದರಿಂದ ಒಂದಕ್ಕೆ ಬದಲಾಯಿಸುತ್ತ, ಬೈದಾಡುತ್ತ, ಹುಣಸೆಮರದ ಕೆಳಗೆ ಭಾವಮೈದುನರು ಆ ಚಳಿಗಾಲವನ್ನು ಕಳೆದರು. ಸ್ಪ್ಯಾನರ್ ತಿರುಗಿಸಿ ಉಸಿರು ಕಟ್ಟಿದಾಗ ಅಪ್ಪ ಚಕ್ರಕ್ಕೆ ಒರಗಿ ಕೂರುತ್ತಿದ್ದ. ಆಗ ಅವನ ಮುಖದಲ್ಲಿ ಸುಸ್ತು ಇತ್ತೇ ಹೊರತು ಬೇಸರ ಇರಲಿಲ್ಲ. ಅಷ್ಟು ಖುಷಿಯಾಗಿ ನಾನು ಅವನನ್ನು ಮೊದಲು ನೋಡಿರಲಿಲ್ಲ.

ಅಮ್ಮ ಮಾತ್ರ ಆ ಮರದ ಹತ್ತಿರ ಸುಳಿಯುತ್ತಿರಲಿಲ್ಲ. ಅದಕ್ಕೆ ಅವಳದೇ ಕಾರಣವಿತ್ತು. ಲೈನಿನ ಮನೆಯಲ್ಲಿದ್ದಾಗ, ನೆಲದಾಳದಲ್ಲಿ ಎಲ್ಲೋ ಕಲ್ಲು ಸಿಡಿದರೆ, ಏರ್‌ಬ್ಲಾಸ್ಟ್ ಅನ್ನುತ್ತಿದ್ದೆವು, ನಮ್ಮ ಅಡುಗೆಮನೆಯ ಹಲಗೆಯ ಮೇಲಿನ ಪಾತ್ರೆಗಳು ಗಲಗಲ ಅನ್ನುತ್ತಿದ್ದವು. ಅಮ್ಮ ಮುದ್ದೆ ತಿರುವುವ ಕೋಲನ್ನು ಹಾಗೇ ಹಿಡಿದು ನಿಂತುಬಿಡುತ್ತಿದ್ದಳು. ಕೂಗು ಬರುತ್ತದೋ, ಬಾಗಿಲ ಹತ್ತಿರ ಯಾರಾದರೂ ಓಡಿ ಬರುತ್ತಾರೋ ಅಂತ ಕಿವಿಯಲ್ಲೇ ಕಾಯುತ್ತಿದ್ದಳು. ಶಿಫ್ಟ್ ಬಿಟ್ಟು ಅಪ್ಪನ ಚಪ್ಪಲಿ ಸದ್ದು ಕೇಳಿದ ಮೇಲೆಯೇ ಮುದ್ದೆಗೆ ಕೈ ಹಾಕುವುದು. ಅಷ್ಟು ಹೊತ್ತಿಗೆ ಅದು ಗಂಟಾಗಿರುತ್ತಿತ್ತು. ನಾವು ಬೆಳೆದದ್ದೇ ಗಂಟುಮುದ್ದೆಯಲ್ಲಿ. ಗಂಡ ಏನು ಕೆಲಸ ಮಾಡುತ್ತಾನೆ, ಎಲ್ಲಿ ನಿಲ್ಲುತ್ತಾನೆ, ಅವಳು ಒಂದು ದಿನವೂ ಕಂಡವಳಲ್ಲ. ಊರಿಗೆ ಬರುವಾಗ ಅವಳು ಕೇಳಿಕೊಂಡದ್ದು ಒಂದೇ, ಇನ್ನು ಮೇಲೆ ಹೀಗೆ ಕಿವಿಯಲ್ಲಿ ಕಾಯುವುದು ಬೇಡ ಅಂತ. ಅಪ್ಪ ಆಗಲಿ ಅಂದು ಟ್ರಾಕ್ಟರು ತಂದಿದ್ದ.

ಯುಗಾದಿಗೆ ಇನ್ನೂ ಸ್ವಲ್ಪ ದಿನ ಇರುವಾಗ ಸಲಾಕೆಯ ಉದ್ದ ಸರಿಬಂತು. ನೇಗಿಲು ಕಟ್ಟಿ ನೋಡುವುದಕ್ಕೆ ನಾನೂ ಊರಿಗೆ ಹೋಗಿದ್ದೆ. ಅಪ್ಪ ಸೀಟಿನ ಮೇಲೆ ಕೂತ. ಮಾಮ ಸ್ಪ್ಯಾನರಿನಿಂದ ಮಡ್‌ಗಾರ್ಡನ್ನು ಎರಡು ಸಲ ಬಡಿದ. ಶಾಫ್ಟಿನಲ್ಲಿ ಕೆಳಗಿನಿಂದ ಹಾಗೆ ಬಡಿದು ಎಂಜಿನ್‌ನವನಿಗೆ ತಿಳಿಸುತ್ತಿದ್ದರು. ಒಂದು ಬಡಿತ ಬಿದ್ದರೆ ನಿಲ್ಲಿಸು, ಎರಡು ಬಿದ್ದರೆ ಇಳಿಸು, ಮೂರು ಬಿದ್ದರೆ ಒಳಗೆ ಮನುಷ್ಯರಿದ್ದಾರೆ, ಜೋಪಾನ. ಅಪ್ಪ ಹಿಡಿ ತಳ್ಳಿದ, ನೇಗಿಲು ಇಳಿದು ಮಣ್ಣು ಕಚ್ಚಿತು. ಸ್ವಲ್ಪ ದೂರ ಹೋಗಿ ಎತ್ತುವುದಕ್ಕೆ ಹಿಡಿ ಎಳೆದ. ಎಂಜಿನ್ ನರಳಿತು. ಕಬ್ಬಿಣದ ಕೈ ಮೇಲೇಳತೊಡಗಿತು, ಸಲಾಕೆ ಬಿಗಿಯಿತು, ಸರಪಳಿ ಝಣ್ ಅಂದಿತು.

ನೇಗಿಲು ಅಲ್ಲೇ ಇತ್ತು. ಎದ್ದದ್ದು ಟ್ರಾಕ್ಟರಿನ ಮೂತಿ.

ಮುಂದಿನ ಎರಡೂ ಚಕ್ರ ನೆಲ ಬಿಟ್ಟು ಮೊಣಕಾಲೆತ್ತರಕ್ಕೆ ಹೋದವು. ಅಪ್ಪ ಸ್ಟೀರಿಂಗ್ ಹಿಡಿದುಕೊಂಡು ಅಂಗಾತ ಆಕಾಶ ನೋಡುತ್ತಿದ್ದ.

"ಅಣ್ಣಾ, ಒಲ ಕೆಳಗೈತೆ!" ಅಂತ ಚಿಕ್ಕಪ್ಪ ಬದುವಿನಿಂದ ಕೂಗಿದ.

ಮಾಮ ಓಡಿ ಬಂದು ಒಂದೇ ಬಡಿತ ಬಡಿದ. ಅಪ್ಪ ಹಿಡಿ ಬಿಟ್ಟ, ಮೂತಿ ಧಡ್ ಅಂತ ಕೆಳಗೆ ಬಿತ್ತು. ನನಗೆ ನಗು ಬಂದದ್ದು ನಿಜ. ಅಪ್ಪನ ಮುಖ ನೋಡಿ ಬೇರೆ ಕಡೆ ತಿರುಗಿಕೊಂಡೆ. ಅವನು ಕೆಮ್ಮುತ್ತ ಇಳಿದು, ಯಾರನ್ನೂ ನೋಡದೆ ಮನೆಯ ಕಡೆ ನಡೆದ. ಸದ್ದು ಕೇಳಿ ಅಮ್ಮ ಆಗಲೇ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಅದೇ ಕೋಲು.

ಲೆಕ್ಕ ಬಹಳ ಸರಳವಿತ್ತು. ಕೊಂಡಿ ಗಣಿಗೆ ಸಾಕಾಗುವಷ್ಟು ಬಲವಾಗಿತ್ತು, ಆದ್ದರಿಂದ ಗಣಿಗೆ ಸಾಕಾಗುವಷ್ಟು ಭಾರವೂ ಇತ್ತು. ಟ್ರಾಕ್ಟರು ಮಾತ್ರ ಹುಲ್ಲು ಕತ್ತರಿಸುವುದಕ್ಕೆ ಹುಟ್ಟಿದ್ದು. ಅರ್ಧ ಕಬ್ಬಿಣ ಕೊಯ್ದು ಬಿಸಾಡಿದರೆ ಮುಗಿಯಿತು ಅಂತ ನಾನು ಹೇಳಿದೆ.

"ಕೊಯ್ಯೋದಾ?" ಮಾಮನ ಧ್ವನಿ ಏರಿತು. "ತೂಗೋದನ್ನ ಯಾರಾದ್ರೂ ತೆಳ್ಳಗ್ ಮಾಡ್ತಾರಾಮ್ಮ?"

ಅಪ್ಪನೂ ಅವನ ಪಕ್ಷವೇ. ಊರಿನ ಯಾವ ರೈತನೂ ಮಾಡದ ತಪ್ಪನ್ನು ಮಾಡಿ, ಊರಿನ ಯಾವ ರೈತನೂ ಒಪ್ಪದ ಕಾರಣಕ್ಕೆ ಅದನ್ನು ತಿದ್ದಲು ಇಬ್ಬರೂ ಒಲ್ಲೆವೆಂದರು. ಕೊನೆಗೆ ಮೂತಿಯ ಮೇಲೆ ಭಾರ ಇಡುವುದು ಅಂತಾಯಿತು. ಟ್ರಾಕ್ಟರಿನ ಮುಂದುಗಡೆ, ಬಾನೆಟ್ಟಿನ ಆಚೆ, ಒಂದು ಚಪ್ಪಟೆ ಕಬ್ಬಿಣದ ಹಲಗೆ ಇತ್ತು. ದೊರೆಗಳ ಕಾಲದಲ್ಲಿ ಅಲ್ಲಿ ಏನಿಡುತ್ತಿದ್ದರೋ ಗೊತ್ತಿಲ್ಲ. ಅದರ ಮೇಲೆ ಮಣ್ಣಿನ ಮೂಟೆ ಕಟ್ಟಿ ನೋಡಿದರು. ಮೂತಿ ಅಲ್ಲಾಡಲಿಲ್ಲ. ಅಪ್ಪ ಆ ದಿನ ಎರಡು ಮುದ್ದೆ ಉಂಡ.

ಹೊನ್ನೇರಿನ ದಿನ ಊರಿಗೆ ಊರೇ ಬದುವಿನ ಮೇಲೆ. ಹಿಂದಿನ ವಾರ ಒಂದು ಹದ ಮಳೆ ಬಿದ್ದು ಕೆಂಪು ಮಣ್ಣು ಮೆತ್ತಗಾಗಿತ್ತು. ಟ್ರಾಕ್ಟರಿಗೆ ಅರಿಶಿನ ಕುಂಕುಮ ಹಚ್ಚಿ, ಮಾವಿನ ಸೊಪ್ಪು ಕಟ್ಟಿದ್ದರು. ಚಿಕ್ಕಪ್ಪ ಎತ್ತುಗಳನ್ನೂ ಸಿಂಗರಿಸಿ, ನೇಗಿಲು ಕಟ್ಟಿ, ಮರದ ನೆರಳಿನಲ್ಲಿ ನಿಲ್ಲಿಸಿಕೊಂಡಿದ್ದ. ಯಾಕೆ ಅಂತ ಕೇಳಿದರೆ, "ಸುಮ್ನೆ, ಜೊತೆಗಿರ್ಲಿ ಅಂತ," ಅಂದ. ಅಪ್ಪ ಅದೇ ಇಸ್ತ್ರಿ ಶರ್ಟು ಹಾಕಿಕೊಂಡಿದ್ದ. ಈ ಸಲ ತೋಳು ಮಡಚಿದ್ದ.

ಕಾಯಿ ಒಡೆದರು. ಮಾಮ ಎರಡು ಬಡಿದ. ನೇಗಿಲು ಇಳಿಯಿತು, ಟ್ರಾಕ್ಟರು ಹೊರಟಿತು, ಹಿಂದೆ ಮಣ್ಣು ಮಗುಚಿಕೊಳ್ಳುತ್ತ ಬಂತು. ಅಪ್ಪನ ಮೊದಲ ಸಾಲು. ತುದಿಗೆ ಹೋಗಿ ಹಿಡಿ ಎಳೆದ. ನೇಗಿಲು, ಹಳಿ, ಸರಪಳಿ ಎಲ್ಲವೂ ಗಾಳಿಗೆ ಎದ್ದವು, ಮೂತಿ ನೆಲದಲ್ಲೇ ಉಳಿಯಿತು. ಜನ ಹೋ ಅಂದರು. ನನಗೆ ಕಣ್ಣು ತುಂಬಿತು, ಹೇಳುವುದಕ್ಕೇನು ನಾಚಿಕೆ. ಅಪ್ಪ ಸ್ಟೀರಿಂಗ್ ತಿರುಗಿಸಿದ. ತಿರುವಿನಲ್ಲಿ ಮೂಟೆಗಳು ಒಂದು ಪಕ್ಕಕ್ಕೆ ಜಾರಿದವು, ಹಗ್ಗ ಸಡಿಲವಾಯಿತು, ಹಳೆಯ ಗೋಣಿ ಬಿರಿದು ಮಣ್ಣೆಲ್ಲ ಚಕ್ರದ ಮೇಲೆ ಸುರಿಯಿತು. ಮೂತಿ ಮತ್ತೆ ಎದ್ದಿತು.

ಮಾಮನ ಒಂದು ಬಡಿತಕ್ಕೆ ಎಂಜಿನ್ ನಿಂತಿತು. ಹೊನ್ನೇರು ಅಂದರೆ ಪದ್ಧತಿಯಷ್ಟು ಸುತ್ತು ಮುಗಿಯಬೇಕು, ಅದೂ ಒಳ್ಳೆಯ ಹೊತ್ತಿನೊಳಗೆ. ಅರ್ಧಕ್ಕೆ ಬಿಟ್ಟರೆ ಹೊಡೆದ ಸಾಲೂ ಲೆಕ್ಕಕ್ಕಿಲ್ಲ. ಮೂಟೆ ಮತ್ತೆ ತುಂಬಿ ಕಟ್ಟುವುದರೊಳಗೆ ಹೊತ್ತು ಮೀರುತ್ತಿತ್ತು. ಮಾಮ ತಾನೇ ಹಲಗೆಯ ಮೇಲೆ ಕೂತು ನೋಡಿದ. ಹೊಟ್ಟೆ ಬಾನೆಟ್ಟಿಗೆ ತಗುಲಿ ಅರ್ಧ ಮೈ ಹೊರಗೆ ಜೋತಿತು. ತೂಗುವುದನ್ನು ನಂಬದವನು ತಾನೇ ತೂಗಬೇಕಾಯಿತಲ್ಲ ಅಂತ ಹೆದರಿ ಇಳಿದುಬಿಟ್ಟ. ಚಿಕ್ಕಪ್ಪ ಎತ್ತುಗಳನ್ನು ಮೆಲ್ಲಗೆ ಸಾಲಿನ ತುದಿಗೆ ಹೊಡೆದುಕೊಂಡು ಬಂದ.

"ಅಣ್ಣಾ, ಒತ್ತಾಯ್ತಾ ಐತೆ. ನಾನ್ ಮುಗ್ಸಲಾ?"

ಈ ಸಲ ಅವನ ಮಾತಿನಲ್ಲಿ ತಮಾಷೆ ಇರಲಿಲ್ಲ, ಮರುಕ ಇತ್ತು. ಅಪ್ಪ ಎರಡು ಕೈಯನ್ನೂ ಸ್ಟೀರಿಂಗಿನ ಮೇಲಿಟ್ಟುಕೊಂಡು ಕೂತೇ ಇದ್ದ.

ಆಗ ಅಮ್ಮ ಹೆಂಗಸರ ಗುಂಪಿನಿಂದ ಹೊರಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಣ್ಣು ತುಳಿದುಕೊಂಡು, ನೆಟ್ಟಗೆ ಟ್ರಾಕ್ಟರಿನ ಮುಂದಕ್ಕೆ ಹೋದಳು.

"ತೆಗೀರಿ ಆ ಮೂಟೆನ."

"ಅಕ್ಕಾ, ಬ್ಯಾಡಕ್ಕಾ," ಅಂದ ಮಾಮ.

"ನಿನ್ ತೂಕ ಕೆಲ್ಸಕ್ಕೆ ಬರ್ಲಿಲ್ಲ, ಆ ಕಡೆ ನಿಂತ್ಕ."

ಖಾಲಿ ಗೋಣಿಯನ್ನು ಮಡಚಿ ಹಲಗೆಯ ಮೇಲೆ ಹಾಕಿ, ಚಕ್ರದ ಮೇಲೆ ಕಾಲಿಟ್ಟು ಹತ್ತಿ ಕೂತಳು. ಕೂತದ್ದು ಹಿಂದುಮುಂದಾಗಿ, ದಾರಿಗೆ ಬೆನ್ನು ಹಾಕಿ, ಅಪ್ಪನ ಕಡೆ ಮುಖ ಮಾಡಿ.

"ಮುಂದ್ಗಡೆ ನೋಡ್ಕಂಡ್ ಕೂತ್ಕಳಕ್ಕಾ," ಅಂದ ಮಾಮ.

"ಮುಂದ್ಗಡೆ ಏನೈತೆ ನೋಡಕ್ಕೆ? ಮಣ್ಣು. ಇಷ್ಟು ವರ್ಸ ಈಯಪ್ಪ ಕೆಲ್ಸ ಮಾಡೋದ್ನ ನಾನು ಕಂಡೋಳಲ್ಲ. ಇವತ್ತು ನೋಡ್ತೀನಿ." ಆಮೇಲೆ ಅಪ್ಪನ ಕಡೆಗೆ, "ನಡೀರಿ ಮತ್ತೆ. ಎಷ್ಟೊತ್ತು ಕೂತಿರ್ತೀರಿ?"

ಬದುವಿನ ಮೇಲೆ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡರು. ಮಾಮ ಸ್ಪ್ಯಾನರ್ ತೆಗೆದುಕೊಂಡು ಮಡ್‌ಗಾರ್ಡಿನ ಮೇಲೆ ಮೂರು ಸಲ ಬಡಿದ. ಅದು ಏನು ಅಂತ ಊರಿನವರಿಗೆ ತಿಳಿಯಲಿಲ್ಲ. ಹಿಡಿಯ ಮೇಲಿದ್ದ ಅಪ್ಪನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಅಷ್ಟು ಮೆತ್ತಗೆ, ಅಷ್ಟು ನಿಧಾನವಾಗಿ ಅವನು ಟ್ರಾಕ್ಟರನ್ನು ಹೊರಡಿಸಿದ, ಅಮ್ಮನ ಕಿವಿಯೋಲೆ ಕೂಡ ಅಲುಗಲಿಲ್ಲ. ಸುತ್ತುಗಳೆಲ್ಲ ಮುಗಿದವು. ಎತ್ತುಗಳು ಮಾವಿನ ಸೊಪ್ಪು ತಿನ್ನುತ್ತ ನಿಂತಿದ್ದವು.

ಅಲ್ಲಿಂದಾಚೆಗೆ ಅದೇ ಪದ್ಧತಿಯಾಯಿತು. ಅಪ್ಪ ಟ್ರಾಕ್ಟರು ಹತ್ತಿದರೆ ಅಮ್ಮ ಮೂತಿ ಹತ್ತಬೇಕು. "ಗಂಡ ಉಳ್ತಾನೆ, ಎಂಡ್ತಿ ಮೆರವಣಿಗೆ ಓಗ್ತಾಳೆ," ಅಂತ ಊರು ಆಡಿಕೊಂಡಿತು. ಅಮ್ಮ ತಲೆ ಕೆಡಿಸಿಕೊಳ್ಳಲಿಲ್ಲ. ಹಿಂದುಮುಂದಾಗಿ ಕೂತವಳಿಗೆ ಅಪ್ಪನ ಬೆನ್ನ ಹಿಂದಿನ ಸಾಲೂ ಕಾಣುತ್ತಿತ್ತು. "ವಾರೆ ಓಯ್ತಾ ಐತೆ... ಎಡಕ್ಕೆ... ಅಯ್ಯೋ ಎಡಕ್ಕೆ ಅಂದ್ರೆ!" ಗಣಿಯಲ್ಲಿ ಮೇಲಿನವರ ಬೈಗುಳ ಮುಗಿಸಿಕೊಂಡು ಬಂದ ಮನುಷ್ಯನಿಗೆ ಇಲ್ಲಿ ಎದುರಿಗೇ ಒಬ್ಬ ಮೇಲ್ವಿಚಾರಕಿ. ಅವನೂ ಬಿಡುತ್ತಿರಲಿಲ್ಲ, ಎಂಜಿನ್ನಿಗಿಂತ ಜೋರಾಗಿ ಮರುಮಾತು ಕೊಡುತ್ತಿದ್ದ. ಮದುವೆಯಾದಾಗಿನಿಂದ ಅವರಿಬ್ಬರು ಆಡಿದ ಮಾತನ್ನೆಲ್ಲ ಗುಡ್ಡೆ ಹಾಕಿದರೂ ಆ ಹೊಲದಲ್ಲಿ ಆಡಿದಷ್ಟು ಆಗಲಿಕ್ಕಿಲ್ಲ.

ಮಾಮನಿಗೆ ಮಾತ್ರ ಮನಸ್ಸು ತಡೆಯಲಿಲ್ಲ. ತನ್ನ ಕೊಂಡಿಯಿಂದಾಗಿ ಅಕ್ಕ ಹೀಗೆ ಕೂರುವಂತಾಯಿತಲ್ಲ ಅಂತ. ಆ ಮಳೆಗಾಲ ಮುಗಿಯುವುದರೊಳಗೆ ಗುಜರಿಯಲ್ಲಿ ಹುಡುಕಿ ಎರಕದ ಕಬ್ಬಿಣದ ಒಂದು ಗಟ್ಟಿ ತಂದ. ನಾಲ್ಕು ಮೂಲೆಗೆ ನಾಲ್ಕು ತೂತು. ಹಲಗೆಗೂ ನಾಲ್ಕು ತೂತು ಕೊರೆದು ಬೋಲ್ಟ್ ಹಾಕಿದರೆ ಮೂತಿಗೆ ಬೇಕಾದ ಭಾರ ಸಿದ್ಧ. ಅಪ್ಪ ಅಳತೆ ಹಿಡಿದು, ತಲೆ ಕೆರೆದು, ಆಗುವುದಿಲ್ಲ ಅಂದ.

"ತೂತು ತಾನೇ ಬಾವ, ಕೊರೆದ್ರಾಯ್ತು."

"ಆ ಅಲಗೆ ಕೊರೆದ್ರೆ ಸೀಳ್ತದೆ ಕಣಯ್ಯ. ಅದು ಸೀಮೆ ಕಬ್ಬಿಣ."

ಸೀಮೆ ಕಬ್ಬಿಣ ಯಾಕೆ ಸೀಳುತ್ತದೆ ಅಂತ ಮಾಮನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಗಟ್ಟಿ ಕೊಟ್ಟಿಗೆಯ ಮೂಲೆ ಸೇರಿತು, ಕೋಳಿಗಳು ಅದರ ಮೇಲೆ ಕೂತವು. ನನಗೆ ಸಿಟ್ಟು. ಅಮ್ಮನ ಮಂಡಿ ನೋವು ಬೇರೆ ಶುರುವಾಗಿತ್ತು. ಊರಿಗೆ ಹೋದಾಗಲೆಲ್ಲ ಅಪ್ಪನಿಗೆ ಹೇಳುತ್ತಿದ್ದೆ, ಬಂಗಾರಪೇಟೆಯಿಂದ ನಾನೇ ಆಳು ಕರೆಸುತ್ತೇನೆ, ಕೊರೆಸಿಬಿಡು, ಈ ವಯಸ್ಸಿನಲ್ಲಿ ಅಮ್ಮನನ್ನು ಹೀಗೆ ಕೂರಿಸಿಕೊಂಡು ಮೆರೆಯುವುದು ಚೆನ್ನಾಗಿಲ್ಲ. "ಆಯ್ತು ಕಣಮ್ಮ, ನೋಡಾನ," ಅನ್ನುತ್ತಿದ್ದ. ಅಮ್ಮನನ್ನು ಕೇಳಿದರೆ, "ಅವ್ರೇ ಆಗಲ್ಲ ಅಂದ್ಮೇಲೆ ನಾನೇನ್ ಮಾಡ್ಲಿ," ಅನ್ನುತ್ತಿದ್ದಳು. ಲೋಕದಲ್ಲಿ ಬೇರೆ ಯಾವ ವಿಷಯಕ್ಕೂ ಅವಳು ಅಪ್ಪನ ಮಾತನ್ನು ಹಾಗೆ ಒಪ್ಪಿದವಳಲ್ಲ.

ಕೆಲವು ಮಳೆಗಾಲ ಹೀಗೇ ಹೋದವು. ಆಮೇಲೆ ಅಪ್ಪನಿಗೆ ಕೂತು ಓಡಿಸುವುದಕ್ಕೂ ಉಸಿರು ಸಾಲದಾಯಿತು. ಒಂದು ಚಳಿಗಾಲದಲ್ಲಿ ಹೋಗಿಬಿಟ್ಟ.

ಆ ವರ್ಷದ ಯುಗಾದಿಗೆ ಚಿಕ್ಕಪ್ಪ ಅಮ್ಮನ ಹತ್ತಿರ ಬಂದು ತಲೆ ತಗ್ಗಿಸಿ ನಿಂತ. "ಅತ್ಗೆ, ಅಣ್ಣನ್ ಟ್ರಾಕ್ಟರಲ್ಲೇ ಒನ್ನೇರು ಕಟ್ತೀನಿ. ಎತ್ತು ಬ್ಯಾಡ." ಅಮ್ಮ ಆಗಲಿ ಅಂದಳು. ಮೂತಿಯ ಮೇಲೆ ಕೂರುವ ಮಾತು ಯಾರೂ ಎತ್ತಲಿಲ್ಲ. ಮಾಮ ಬಂಗಾರಪೇಟೆಯಿಂದ ಕೊರೆಯುವ ಯಂತ್ರ ತಂದಿದ್ದ. ಸೀಳಿದರೆ ಸೀಳಲಿ ಅಂತ ಕೋಳಿಗಳನ್ನು ಓಡಿಸಿ, ಇಬ್ಬರೂ ಸೇರಿ ಗಟ್ಟಿಯನ್ನು ಎತ್ತಿಕೊಂಡು ಬಂದರು. ಗುರುತು ಹಾಕುವುದಕ್ಕೆ ಮಾಮ ಹಲಗೆಯ ಮೇಲಿದ್ದ ಗೋಣಿಯನ್ನು ಸರಿಸಿದ.

ಗೋಣಿಯ ಕೆಳಗೆ ನಾಲ್ಕು ತೂತುಗಳಿದ್ದವು. ನಾಲ್ಕಕ್ಕೂ ತುಕ್ಕು ಹಿಡಿಯದ ಹಾಗೆ ಗ್ರೀಸ್ ತುಂಬಿತ್ತು. ಗ್ರೀಸ್ ಹಳೆಯದಾಗಿ ಮೇಣದಂತೆ ಗಟ್ಟಿಯಾಗಿತ್ತು. ಮಾಮ ಕಡ್ಡಿಯಲ್ಲಿ ಅದನ್ನು ಕೆರೆದು, ಗಟ್ಟಿಯನ್ನು ಮೇಲಿಟ್ಟು ಬೋಲ್ಟ್ ಹಾಕಿದ. ಸ್ಪ್ಯಾನರ್ ಬೇಕಾಗಲಿಲ್ಲ. ನಾಲ್ಕೂ ಬೋಲ್ಟು ಬೆರಳಿನಲ್ಲೇ ಒಳಗೆ ಹೋದವು.

"ಇದು ಬಾವನ ಕೈ," ಅಂದ ಮಾಮ. "ಯಾವಾಗ್ ಕೊರೆದ್ರು? ನಾನು ತಂದ ವರ್ಸಾನೇ ಕೊರೆದವ್ರೆ. ಮತ್ಯಾಕೆ ಆಗಲ್ಲ ಅಂದ್ರು?"

ಚಿಕ್ಕಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ನಾನು ಅಮ್ಮನ ಕಡೆ ತಿರುಗಿದೆ. ಅವಳಿಗೆ ಇದನ್ನು ಹೇಗೆ ಹೇಳುವುದು ಅನ್ನುವುದೇ ನನ್ನ ಚಿಂತೆ. ಅವಳು ಜಗುಲಿಯ ಮೇಲೆ ಮೊರ ಇಟ್ಟುಕೊಂಡು ರಾಗಿಯಲ್ಲಿ ಕಲ್ಲು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ದಿನಾ ಆ ಗೋಣಿ ಮಡಚಿ ಆಕ್ತಿದ್ದೋಳು ಯಾರು?" ಅಂದಳು. "ತೂತು ಯಾರ್ಗೂ ಕಾಣ್ದಂಗೆ ಆಕ್ತಿದ್ದೆ."